ಕ್ಷಮೆ ಯಾರಿಗೆ? : ಸೇನೆ, ಸ್ತ್ರೀ ಮತ್ತು 1897ರ ಮುಂಬಯಿ ಕ್ಷಮಾಪಣೆ

1

ಯುದ್ಧಕಾಲದಲ್ಲಿ ಸ್ತ್ರೀಯರ ಮೇಲೆ ನಡೆದ ದೌರ್ಜನ್ಯಗಳಿಗಾಗಿ ರಾಷ್ಟ್ರಗಳು ವಿಧ್ಯುಕ್ತವಾಗಿ ಕ್ಷಮೆ ಯಾಚಿಸಬೇಕೇ ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ವಿಶೇಷವಾಗಿ ಮುನ್ನೆಲೆಗೆ ಬಂದಿತು. 1991ರ ಆಗಸ್ಟ್ ತಿಂಗಳಲ್ಲಿ ಕೊರಿಯಾದ ಕಿಮ್ ಹಾಕ್-ಸುನ್ ಎಂಬ ವೃದ್ಧೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀ ಸೇನೆಯ ಲೈಂಗಿಕ ದಾಸ್ಯಕ್ಕೆ ತಾವು ಗುರಿಯಾದುದನ್ನು ಹೆಸರು ಮರೆಮಾಚದೆ ಬಹಿರಂಗವಾಗಿ ಹೇಳಿದರು. 1993ರ ಆಗಸ್ಟ್ 4ರಂದು ಜಪಾನ್ ಸರಕಾರದ ಪರವಾಗಿ ಯೋಹೆಯ್ ಕೋನೋ ಅವರು ಹೊರಡಿಸಿದ ಹೇಳಿಕೆಯಲ್ಲಿ ಸೇನೆಯ ಪಾತ್ರವನ್ನು ಒಪ್ಪಿಕೊಂಡು ಕ್ಷಮೆ ಕೋರಲಾಯಿತು. ಅಂದಿನಿಂದ ಈ ವಿಷಯ ಅಂತಾರಾಷ್ಟ್ರೀಯ ರಾಜಕಾರಣದ ಭಾಗವಾಗಿಯೇ ಉಳಿದಿದೆ.

ಭಾರತದ ಇತಿಹಾಸದ ವಿದ್ಯಾರ್ಥಿಗಳಿಗೆ ಇದು ದೂರದ ಪ್ರಶ್ನೆಯೆಂದು ತೋರಬಹುದು. ಆದರೆ ಸೇನೆ, ಸ್ತ್ರೀ ಮತ್ತು ಕ್ಷಮೆ ಈ ಮೂರೂ ಒಂದೇ ಪ್ರಕರಣದಲ್ಲಿ ಕೂಡಿಬಂದ ನಿದರ್ಶನ ಮುಂಬಯಿಯಲ್ಲಿ ಶತಮಾನಕ್ಕೂ ಹಿಂದೆಯೇ ನಡೆದಿದೆ. 1897ರಲ್ಲಿ ಗೋಪಾಲ ಕೃಷ್ಣ ಗೋಖಲೆಯವರು ಮುಂಬಯಿಯಲ್ಲಿ ಸಲ್ಲಿಸಿದ ಕ್ಷಮಾಪಣೆಯನ್ನು ನಾವು ಸಾಮಾನ್ಯವಾಗಿ ಅವರ ರಾಜಕೀಯ ಜೀವನದ ಒಂದು ಕಹಿ ಪ್ರಸಂಗವೆಂದು, ಮಂದಗಾಮಿಗಳಿಗೂ ತೀವ್ರಗಾಮಿಗಳಿಗೂ ನಡುವಣ ಬಿರುಕಿನ ಒಂದು ಹಂತವೆಂದು ಓದುತ್ತ ಬಂದಿದ್ದೇವೆ. ಆ ಕ್ಷಮಾಪಣೆಯ ಮೂಲದಲ್ಲಿದ್ದ ಸ್ತ್ರೀಯರು ಈ ಓದಿನಲ್ಲಿ ಮರೆಯಾಗಿದ್ದಾರೆ. ಅವರನ್ನು ಚರ್ಚೆಯ ಕೇಂದ್ರಕ್ಕೆ ತಂದರೆ ರಾಷ್ಟ್ರಗಳ ಕ್ಷಮೆಯ ಪ್ರಶ್ನೆ ಬೇರೆಯದೇ ರೂಪವನ್ನು ತಾಳುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಭಾಷೆಯ ಬಗ್ಗೆ ಮೊದಲಿಗೇ ಒಂದು ಮಾತು. ಕನ್ನಡದಲ್ಲಿ ವಿಷಾದ, ಕ್ಷಮಾಯಾಚನೆ, ತಪ್ಪೊಪ್ಪಿಗೆ ಎಂಬ ಮಾತುಗಳು ಸಮಾನಾರ್ಥಕಗಳಲ್ಲ. ವಿಷಾದವು ಆಡುವವನ ಮನಃಸ್ಥಿತಿಯನ್ನಷ್ಟೇ ಹೇಳುತ್ತದೆ. ಅದಕ್ಕೆ ಎದುರಿನಲ್ಲಿ ಯಾರೂ ಇರಬೇಕಾಗಿಲ್ಲ. ತಪ್ಪೊಪ್ಪಿಗೆಗೆ ಒಂದು ನಿರ್ದಿಷ್ಟ ಕೃತ್ಯ ಬೇಕು. ಕ್ಷಮಾಯಾಚನೆಗೆ ಕ್ಷಮಿಸುವ ಅಧಿಕಾರವುಳ್ಳ ಇನ್ನೊಬ್ಬ ವ್ಯಕ್ತಿ ಬೇಕು. ನಮ್ಮ ಜನಪದರು ದೇವಸ್ಥಾನಗಳಲ್ಲಿ ಸಲ್ಲಿಸುವ ತಪ್ಪುಕಾಣಿಕೆಯಲ್ಲಿ ಈ ಎರಡೂ ಅಂಶಗಳು ಕೂಡಿರುವುದು ಗಮನಾರ್ಹ: ಇಂಥ ತಪ್ಪು ಎಂದು ಹೇಳಿಕೊಳ್ಳದೆ, ಇಂಥ ಸನ್ನಿಧಿ ಎಂದು ಗುರುತಿಸದೆ ಅದನ್ನು ಸಲ್ಲಿಸುವಂತಿಲ್ಲ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಸಂಗತಿಗಳನ್ನು ಪರಿಶೀಲಿಸಬಹುದು.

2

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಆಡಳಿತವು ತನ್ನ ಸೇನೆಯ ಆರೋಗ್ಯಕ್ಕಾಗಿ ಸ್ತ್ರೀಯರ ದೇಹವನ್ನು ಕಾನೂನಿನ ವ್ಯಾಪ್ತಿಗೆ ತಂದಿತು. 1864ರ ದಂಡುಪ್ರದೇಶ ಕಾಯಿದೆಯು ಸೇನಾ ನೆಲೆಗಳಲ್ಲಿದ್ದ ವೇಶ್ಯಾಗೃಹಗಳ ನಿಯಂತ್ರಣಕ್ಕೆ ಅವಕಾಶ ನೀಡಿತು. 1868ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅದೇ ಕ್ರಮವನ್ನು ನಗರಗಳಿಗೆ ವಿಸ್ತರಿಸಿತು. ಈ ಕಾಯಿದೆಯಲ್ಲಿ ರೋಗವೆಂದರೆ ಗುಹ್ಯರೋಗ. ಅದರ ಪ್ರಕಾರ ವೇಶ್ಯೆಯರು ಹೆಸರು ನೋಂದಾಯಿಸಬೇಕು, ಗೊತ್ತಾದ ಅವಧಿಗೊಮ್ಮೆ ದೇಹಪರೀಕ್ಷೆಗೆ ಒಳಗಾಗಬೇಕು, ರೋಗವಿದೆಯೆಂದು ಕಂಡುಬಂದರೆ ಲಾಕ್ ಆಸ್ಪತ್ರೆಯಲ್ಲಿ ಬಂಧಿತರಂತೆ ಇರಬೇಕು. ತಪ್ಪಿದರೆ ದಂಡ ಅಥವಾ ಸೆರೆವಾಸ. ಅವರ ಬಳಿಗೆ ಬರುತ್ತಿದ್ದ ಪುರುಷರಿಗೆ ಇಂಥ ಯಾವ ಪರೀಕ್ಷೆಯನ್ನೂ ಕಾಯಿದೆ ವಿಧಿಸಲಿಲ್ಲ.

ಮುಂಬಯಿ ನಗರದಲ್ಲಿ ಈ ಕಾಯಿದೆ 1870ರಲ್ಲಿ ಜಾರಿಗೆ ಬಂದು, ಅದರ ಖರ್ಚನ್ನು ಯಾರು ಹೊರಬೇಕೆಂಬ ವಿವಾದದಲ್ಲಿ ಸಿಲುಕಿ 1872ರಲ್ಲಿ ನಿಂತುಹೋಯಿತು. 1880ರಲ್ಲಿ ಮತ್ತೆ ಜಾರಿಗೊಂಡು 1888ರವರೆಗೆ ನಡೆಯಿತು. ನಿಜಾಮನ ಸೀಮೆಯಿಂದ ಕೂಲಿಗಾಗಿ ಬಂದ ಕಾಮಾಟಿಗಳಿಂದ ಹೆಸರು ಪಡೆದ ಕಾಮಾಟಿಪುರವು ವೇಶ್ಯಾವಾಟಿಕೆಯೆಂದು ಪ್ರಸಿದ್ಧವಾದುದು ಈ ಕಾಲಾವಧಿಯಲ್ಲಿ ಮತ್ತು ಅದರ ಮುಂದಿನ ದಶಕಗಳಲ್ಲಿ. ಇಂದು ಆ ಹೆಸರನ್ನು ಕೇಳಿದೊಡನೆ ನೀತಿಯ ಮಾತನ್ನಾಡುವವರು, ಬಂದರು ನಗರದ ಆಡಳಿತ ಮತ್ತು ಸೇನಾವ್ಯವಸ್ಥೆ ಆ ಕೇರಿಗಳ ಸ್ವರೂಪವನ್ನು ನಿರ್ಧರಿಸಿದುದನ್ನು ಮರೆಯುತ್ತಾರೆ.

ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳೂ ಈ ವ್ಯವಸ್ಥೆಯ ಹೊರಗಿರಲಿಲ್ಲ. ಬೆಳಗಾವಿಯ ದಂಡಿನಲ್ಲಿ ಲಾಕ್ ಆಸ್ಪತ್ರೆ ಇದ್ದಿತು. ಮದರಾಸು ಸೇನಾವಲಯದಲ್ಲಿದ್ದ ಬೆಂಗಳೂರು ಮತ್ತು ಬಳ್ಳಾರಿಗಳಲ್ಲೂ ಇದ್ದವು. ಕನ್ನಡ ನಾಡಿನ ಆಧುನಿಕ ಸ್ತ್ರೀ ಚರಿತ್ರೆಯನ್ನು ಬರೆಯುವವರು ಶಾಲೆ, ವಿಧವಾವಿವಾಹ, ಬಾಲ್ಯವಿವಾಹ ನಿಷೇಧ ಮುಂತಾದ ಸುಧಾರಣೆಗಳ ಜೊತೆಗೆ ಈ ದಂಡಿನ ದಾಖಲೆಗಳನ್ನೂ ಆಕರವಾಗಿ ಪರಿಗಣಿಸಬೇಕಾಗಿದೆ.

3

1886ರ ಜೂನ್ ತಿಂಗಳಲ್ಲಿ ಭಾರತದ ಸೇನಾ ಕೇಂದ್ರ ಕಚೇರಿಯಿಂದ ಒಂದು ಸುತ್ತೋಲೆ ಹೊರಟಿತು. ಆಗ ಸರ್ವಸೇನಾಪತಿಯಾಗಿದ್ದವನು ರಾಬರ್ಟ್ಸ್. ಸೇನಾತುಕಡಿಗಳಿಗೆ ಸಂಬಂಧಿಸಿದ ಬಜಾರುಗಳಲ್ಲಿ ಸ್ತ್ರೀಯರ ಸಂಖ್ಯೆ ಸಾಕಷ್ಟಿರಬೇಕು, ಅವರು ಸಾಕಷ್ಟು ಆಕರ್ಷಕರಾಗಿರಬೇಕು, ಅವರಿಗೆ ತಕ್ಕ ಮನೆಗಳನ್ನು ಒದಗಿಸಬೇಕು ಎಂಬುದು ಅದರ ಸಾರಾಂಶ. ಇಂಥ ನೆಲೆಗಳಿಗೆ ಉತ್ತರ ಭಾರತದಲ್ಲಿ ಚಕ್ಲಾ ಎಂಬ ಹೆಸರಿದ್ದಿತು. ಈ ಸುತ್ತೋಲೆ 1888ರಲ್ಲಿ ಇಂಗ್ಲೆಂಡಿನ ಸಾರ್ವಜನಿಕರ ಕಣ್ಣಿಗೆ ಬಿದ್ದಿತು. ಅದನ್ನು ಬಯಲಿಗೆಳೆದ ಆಲ್ಫ್ರೆಡ್ ಡೈಯರ್ ಮುಂದೆ ಮುಂಬಯಿಯಲ್ಲಿ ನೆಲಸಿ ‘ಬಾಂಬೆ ಗಾರ್ಡಿಯನ್’ ಪತ್ರಿಕೆಯನ್ನು ನಡೆಸಿದನು. ಈ ಪತ್ರಿಕೆಯ ಹೆಸರು ನಮ್ಮ ಕಥನದಲ್ಲಿ ಇನ್ನೊಮ್ಮೆ ಬರಲಿದೆ. 1888ರ ಜೂನ್ 5ರಂದು ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆಯು ಭಾರತದಲ್ಲಿ ಸ್ತ್ರೀಯರ ಕಡ್ಡಾಯ ಪರೀಕ್ಷೆಯನ್ನು ಖಂಡಿಸುವ ನಿರ್ಣಯವನ್ನು ಅಂಗೀಕರಿಸಿತು.

ನಿರ್ಣಯವಾದ ಮೇಲೂ ವ್ಯವಸ್ಥೆ ಬದಲಾಗಲಿಲ್ಲವೆಂಬ ಶಂಕೆಯಿಂದ ಎಲಿಜಬೆತ್ ಆಂಡ್ರೂ ಮತ್ತು ಕ್ಯಾಥರೀನ್ ಬುಶ್ನೆಲ್ ಎಂಬ ಇಬ್ಬರು ಅಮೆರಿಕನ್ ಮಹಿಳೆಯರು 1891-92ರ ಚಳಿಗಾಲದಲ್ಲಿ ಉತ್ತರ ಭಾರತದ ಹತ್ತು ದಂಡುಪ್ರದೇಶಗಳಲ್ಲಿ ಸಂಚರಿಸಿ, ಚಕ್ಲಾಗಳಲ್ಲಿದ್ದ ಸ್ತ್ರೀಯರೊಡನೆ ನೇರವಾಗಿ ಮಾತನಾಡಿದರು. ಕಡ್ಡಾಯ ದೇಹಪರೀಕ್ಷೆಯನ್ನು ಆ ಸ್ತ್ರೀಯರು ಎಲ್ಲಕ್ಕಿಂತ ಹೆಚ್ಚಿನ ಅವಮಾನವೆಂದು ಭಾವಿಸಿದ್ದರೆಂಬುದು ಅವರ ವರದಿಯ ಮುಖ್ಯಾಂಶಗಳಲ್ಲಿ ಒಂದು. ರಾಬರ್ಟ್ಸ್ ಇವರ ಹೇಳಿಕೆಗಳನ್ನು ಮೊದಲು ಅಲ್ಲಗಳೆದನು. 1893ರಲ್ಲಿ ಇಲಾಖಾ ಸಮಿತಿಯ ವಿಚಾರಣೆ ನಡೆದು, ಅವರು ಹೇಳಿದ್ದು ಬಹುಮಟ್ಟಿಗೆ ನಿಜವೆಂದು ಸ್ಥಿರಪಟ್ಟಾಗ, ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಲಿಖಿತವಾಗಿ ಕ್ಷಮೆ ಕೋರಿದನು.

ವಸಾಹತು ಸೇನೆಯ ಅತ್ಯುನ್ನತ ಅಧಿಕಾರಿಯೊಬ್ಬನು ಸ್ತ್ರೀಯರ ಕುರಿತ ಪ್ರಕರಣದಲ್ಲಿ ಕ್ಷಮೆ ಯಾಚಿಸಿದ ಅಪೂರ್ವ ಸಂದರ್ಭವಿದು. ಆದರೆ ಆ ಕ್ಷಮೆ ಯಾರನ್ನು ಉದ್ದೇಶಿಸಿತ್ತು ಎಂಬುದನ್ನು ಗಮನಿಸಬೇಕು. ಅವನು ಕ್ಷಮೆ ಬೇಡಿದ್ದು ಆ ಇಬ್ಬರು ಅಮೆರಿಕನ್ ಮಹಿಳೆಯರನ್ನು. ಅವರ ಮಾತನ್ನು ಸುಳ್ಳೆಂದು ಹೇಳಿದ್ದೇ ಅವನು ಒಪ್ಪಿಕೊಂಡ ತಪ್ಪು. ಆ ಮಾತಿನ ವಸ್ತುವಾಗಿದ್ದ ಭಾರತೀಯ ಸ್ತ್ರೀಯರು ಕ್ಷಮೆಗೆ ಪಾತ್ರರೆಂಬ ಆಲೋಚನೆ ಆ ಪತ್ರದಲ್ಲಿ ಇರಲಿಲ್ಲ. ವಿಚಾರಣೆಯ ಫಲವಾಗಿ 1895ರಲ್ಲಿ ಕಡ್ಡಾಯ ಪರೀಕ್ಷೆಯನ್ನು ನಿಷೇಧಿಸುವ ತಿದ್ದುಪಡಿ ಬಂದಿತು. ಎರಡೇ ವರ್ಷಗಳಲ್ಲಿ, ಅಂದರೆ 1897ರಲ್ಲಿ, ಸೇನೆಯಲ್ಲಿ ರೋಗ ಹೆಚ್ಚಿತೆಂಬ ಕಾರಣದಿಂದ ನಿಯಂತ್ರಣದ ದಾರಿ ಪುನಃ ತೆರೆದುಕೊಂಡಿತು. ತಪ್ಪಿಗೆ ಈಡಾದವರನ್ನು ಗುರುತಿಸದ ಕ್ಷಮೆಯು ಆಡಳಿತ ನೀತಿಯನ್ನು ಬಹುಕಾಲ ಕಟ್ಟಿಹಾಕಲಾರದು ಎಂಬುದಕ್ಕೆ ಈ ನಾಲ್ಕು ವರ್ಷಗಳೇ ಸಾಕ್ಷಿ.

4

ಅದೇ 1897ರಲ್ಲಿ ಎರಡನೆಯ ಕ್ಷಮಾಪಣೆಯ ಪ್ರಸಂಗ ನಡೆಯಿತು. ಇದರ ಹಿನ್ನೆಲೆ ಯುದ್ಧವಲ್ಲ, ಪ್ಲೇಗು. ಆದರೆ ನಾಗರಿಕ ಜನರ ಮನೆಗಳ ಮೇಲೆ ಸೈನಿಕರಿಗೆ ಅಧಿಕಾರ ದೊರೆತಾಗ ಉಂಟಾಗುವ ಪರಿಸ್ಥಿತಿ ಯುದ್ಧಕಾಲದ ಪರಿಸ್ಥಿತಿಗೆ ತೀರ ಸಮೀಪದ್ದು; ಆದುದರಿಂದ ಇದನ್ನು ಇಲ್ಲಿ ಸೇರಿಸುವುದು ಅಸಂಗತವಾಗಲಾರದು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೆಗಸ್ ಅವರು ಪ್ಲೇಗನ್ನು ಗುರುತಿಸಿದರು. ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸುವ ಕ್ರಮ ಜನರಲ್ಲಿ ಭಯವನ್ನು ಹುಟ್ಟಿಸಿತು. ಅಕ್ಟೋಬರಿನಲ್ಲಿ ಗಿರಣಿ ಕಾರ್ಮಿಕರ ದೊಡ್ಡ ಗುಂಪು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆ ದಾಳಿ ಮಾಡಿತು. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳಿಗೆ ಸಂಬಂಧಿಸಿದ ಹೊಸ ಕಾಯಿದೆ ಬಂದಿತು. ಮನೆ, ಹಡಗು, ರೈಲು ಎಲ್ಲಿಯೇ ಆಗಲಿ ಜನರನ್ನು ಪರೀಕ್ಷಿಸಲು, ಬೇರ್ಪಡಿಸಿ ಇರಿಸಲು ಅದು ಸರಕಾರಕ್ಕೆ ವಿಶೇಷ ಅಧಿಕಾರ ನೀಡಿತು. ಸದ್ಭಾವನೆಯಿಂದ ಮಾಡಿದ ಯಾವ ಕೃತ್ಯಕ್ಕೂ ಅಧಿಕಾರಿಗಳ ಮೇಲೆ ದಾವೆ ಹೂಡುವಂತಿಲ್ಲ ಎಂಬ ರಕ್ಷಣೆಯನ್ನೂ ಆ ಕಾಯಿದೆಯ 4ನೆಯ ಕಲಮು ಒದಗಿಸಿತು. ಮುಂಬಯಿಯಲ್ಲಿ ಪ್ಲೇಗು ಸಮಿತಿಯ ನೇತೃತ್ವವನ್ನು ಬ್ರಿಗೇಡಿಯರ್ ಜನರಲ್ ಗ್ಯಾಟಕರನಿಗೆ ವಹಿಸಲಾಯಿತು. ಪುಣೆಯಲ್ಲಿ ಸಮಿತಿಯ ಮುಖ್ಯಸ್ಥನಾದವನು ರ‍್ಯಾಂಡ್. ಅಲ್ಲಿ ಗೋರಾ ಸೋಜರರು ಮನೆಮನೆ ಹೊಕ್ಕು ಶೋಧ ನಡೆಸಿದರು. ಪರಪುರುಷನ ದೃಷ್ಟಿಗೂ ಬೀಳದಂತೆ ಹೆಂಗಸರನ್ನು ಒಳಮನೆಯಲ್ಲಿರಿಸುತ್ತಿದ್ದ ಕುಟುಂಬಗಳಲ್ಲಿ ಅಡುಗೆಮನೆ, ದೇವರಮನೆಗಳವರೆಗೂ ಸೈನಿಕರು ನುಗ್ಗಿದುದು, ಜ್ವರದ ಗಡ್ಡೆಗಾಗಿ ಹೆಂಗಸರ ಮೈ ಪರೀಕ್ಷಿಸುವ ಪ್ರಯತ್ನಗಳು ನಡೆದುದು ದೇಶೀ ಪತ್ರಿಕೆಗಳ ನಿತ್ಯದ ದೂರಾಯಿತು.

ಈ ದೂರುಗಳಲ್ಲಿ ಒಂದು ಪಂಡಿತಾ ರಮಾಬಾಯಿ ಅವರದು. ಕನ್ನಡಿಗರು ಇವರನ್ನು ಮಹಾರಾಷ್ಟ್ರದವರೆಂದಷ್ಟೇ ಬಲ್ಲರಾದರೂ ಅವರು 1858ರಲ್ಲಿ ಜನಿಸಿದುದು ಸಹ್ಯಾದ್ರಿಯ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಬಳಿಯ ಮಾಳ. ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ಸ್ಥಳಾಂತರಿಸಿದ್ದರು. ಕ್ಷಾಮಪೀಡಿತ ಮಧ್ಯಪ್ರಾಂತ್ಯದಿಂದ ಅನೇಕ ಹೆಣ್ಣುಮಕ್ಕಳನ್ನು ಕರೆತಂದು ಸಲಹುತ್ತಿದ್ದ ಸಮಯದಲ್ಲಿಯೇ ಪ್ಲೇಗಿನ ಕ್ರಮಗಳು ಆರಂಭವಾದವು. 1897ರ ಮೇ ತಿಂಗಳಲ್ಲಿ ‘ಬಾಂಬೆ ಗಾರ್ಡಿಯನ್’ ಪತ್ರಿಕೆಯಲ್ಲಿ ಅವರ ಪತ್ರ ಪ್ರಕಟವಾಯಿತು. ಪುಣೆಯ ಪ್ಲೇಗು ಆಸ್ಪತ್ರೆಯಲ್ಲಿ ಸ್ತ್ರೀಯರಿಗೆ ರಕ್ಷಣೆಯಿಲ್ಲವೆಂದೂ, ತಮ್ಮ ಸಂಸ್ಥೆಯಿಂದ ಅಲ್ಲಿಗೆ ಒಯ್ಯಲ್ಪಟ್ಟ ಒಬ್ಬ ಹುಡುಗಿ ಅಲ್ಲಿನ ಅವ್ಯವಸ್ಥೆಯಿಂದಾಗಿ ತಮ್ಮ ಕೈತಪ್ಪಿ ಹೋದಳೆಂದೂ ಅವರು ಬರೆದರು. ಸರಕಾರ ಇದನ್ನು ತಪ್ಪು ಮಾಹಿತಿಯೆಂದು ತಳ್ಳಿಹಾಕಿತು. ರಮಾಬಾಯಿಯವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಆಗ ಫರ್ಗ್ಯುಸನ್ ಕಾಲೇಜಿನ ಯುವ ಪ್ರಾಧ್ಯಾಪಕರಾಗಿದ್ದ ಗೋಖಲೆಯವರು ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನೀಡಲು ಇಂಗ್ಲೆಂಡಿಗೆ ಹೋಗಿದ್ದರು. ಪುಣೆಯ ಮಿತ್ರರಿಂದ ಅವರಿಗೆ ಪತ್ರಗಳು ಬರುತ್ತಿದ್ದವು. ರಮಾಬಾಯಿಯವರ ಪತ್ರವೂ ಅವರ ನಂಬಿಕೆಯನ್ನು ಬಲಗೊಳಿಸಿತು. ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗೆ ನೀಡಿದ ಸಂದರ್ಶನದಲ್ಲಿ ಅವರು ಸೈನಿಕರ ವರ್ತನೆಯನ್ನು ವಿವರಿಸುತ್ತ, ಇಬ್ಬರು ಸ್ತ್ರೀಯರ ಮೇಲೆ ಅತ್ಯಾಚಾರ ನಡೆದಿದೆಯೆಂದೂ ಅವರಲ್ಲಿ ಒಬ್ಬಾಕೆ ಆತ್ಮಹತ್ಯೆ ಮಾಡಿಕೊಂಡಳೆಂದೂ ಹೇಳಿದರು. ಇದು ಪ್ರಕಟವಾದುದು ಜುಲೈ ತಿಂಗಳ ಆರಂಭದಲ್ಲಿ. ಅಷ್ಟರಲ್ಲಿ, ಜೂನ್ 22ರ ರಾತ್ರಿ, ಚಾಪೇಕರ್ ಸೋದರರು ರ‍್ಯಾಂಡ್ ಮತ್ತು ಆಯರ್ಸ್ಟ್ ಇವರ ಮೇಲೆ ಗುಂಡು ಹಾರಿಸಿದ್ದರು. ಗೋಖಲೆಯವರ ಮಾತು ಪಾರ್ಲಿಮೆಂಟಿನಲ್ಲಿ ಕೋಲಾಹಲವನ್ನು ಎಬ್ಬಿಸಿತು. ಮುಂಬಯಿಯ ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟ್ ಆಪಾದನೆಯನ್ನು ಸಂಪೂರ್ಣವಾಗಿ ನಿರಾಕರಿಸಿದನು. ಆಪಾದನೆಗೆ ಗುರಿಯಾಗಿದ್ದ ಆಡಳಿತವೇ ಅದರ ಸತ್ಯಾಸತ್ಯತೆಯ ಬಗ್ಗೆ ಅಂತಿಮ ಮಾತನ್ನೂ ಹೇಳಿತು.

ಜುಲೈ ಕೊನೆಗೆ ಗೋಖಲೆಯವರ ಹಡಗು ಮುಂಬಯಿ ಬಂದರಿಗೆ ಬಂದಾಗ ನಗರದ ಪರಿಸ್ಥಿತಿ ಪೂರ್ತಿ ಬದಲಾಗಿತ್ತು. ತಿಲಕರು 27ರಂದು ಮುಂಬಯಿಯಲ್ಲಿ ರಾಜದ್ರೋಹದ ಆಪಾದನೆಯ ಮೇಲೆ ಬಂಧಿತರಾಗಿದ್ದರು. ಪುಣೆಯ ನಾತು ಸೋದರರನ್ನು 1827ರ ಹಳೆಯ ರೆಗ್ಯುಲೇಶನ್ನಿನ ಅಡಿಯಲ್ಲಿ ವಿಚಾರಣೆಯಿಲ್ಲದೆ ಸೆರೆಯಲ್ಲಿಡಲಾಗಿತ್ತು. ಪೊಲೀಸ್ ಕಮಿಷನರ್ ವಿನ್ಸೆಂಟ್ ಸ್ವತಃ ಹಡಗಿಗೆ ಬಂದು ಗೋಖಲೆಯವರನ್ನು ಕಂಡನು. ಇಂಥ ವಾತಾವರಣದಲ್ಲಿ ಮುಂದೆ ಬಂದು ಸಾಕ್ಷಿ ನುಡಿಯಬಲ್ಲ ಮನೆತನ ಯಾವುದು? ಅತ್ಯಾಚಾರಕ್ಕೆ ಗುರಿಯಾದವಳ ಹೆಸರು ಬಯಲಾದರೆ ಕುಟುಂಬದ ಮಾನ ಹೋಗುವುದೆಂಬ ಭೀತಿ ಒಂದು ಕಡೆ. ರಾಜದ್ರೋಹದ ಶಂಕೆಗೆ ಸಿಲುಕುವ ಭೀತಿ ಇನ್ನೊಂದು ಕಡೆ. ಗೋಖಲೆಯವರು ತಮಗೆ ಪತ್ರ ಬರೆದವರ ಹೆಸರುಗಳನ್ನು ಬಿಟ್ಟುಕೊಡಲಿಲ್ಲ. ಆಪಾದನೆಯನ್ನು ರುಜುವಾತುಪಡಿಸುವುದೂ ಸಾಧ್ಯವಾಗಲಿಲ್ಲ. ಆಗ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಮಹಾದೇವ ಗೋವಿಂದ ರಾನಡೆಯವರ ಸಲಹೆಯನ್ನು ಪಡೆದು, 1897ರ ಆಗಸ್ಟ್ ತಿಂಗಳ ಆರಂಭದಲ್ಲಿ ಅವರು ಪತ್ರಿಕೆಗಳ ಮೂಲಕ ನಿಶ್ಶರ್ತ ಕ್ಷಮಾಪಣೆಯನ್ನು ಪ್ರಕಟಿಸಿದರು. ಅದು ಗವರ್ನರನನ್ನು, ಪ್ಲೇಗು ಸಮಿತಿಯ ಸದಸ್ಯರನ್ನು, ಪ್ಲೇಗಿನ ಕಾರ್ಯದಲ್ಲಿ ತೊಡಗಿದ್ದ ಸೈನಿಕರನ್ನು ಉದ್ದೇಶಿಸಿತ್ತು.

5

ಈ ಕ್ಷಮಾಪಣೆಯನ್ನು ತಿಲಕರ ಅನುಯಾಯಿಗಳು ಹೇಡಿತನವೆಂದರು. ಅದೇ ವರ್ಷ ಡಿಸೆಂಬರಿನ ಅಮರಾವತಿ ಕಾಂಗ್ರೆಸ್ಸಿನಲ್ಲಿ ಗೋಖಲೆಯವರು ಮೌನವಾಗಿರಬೇಕಾಯಿತು. ಸಾಕ್ಷ್ಯವಿಲ್ಲದೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದು ಸಜ್ಜನಿಕೆಯೆಂದು ಅವರ ಅಭಿಮಾನಿಗಳು ಸಮರ್ಥಿಸಿದರು. ಎರಡೂ ಪಕ್ಷಗಳ ಚರ್ಚೆ ಗೋಖಲೆಯವರ ಶೀಲವನ್ನು ಕುರಿತದ್ದು. ಆಧಾರವನ್ನು ಒದಗಿಸಲಾಗದ ಆಪಾದನೆಯನ್ನು ಹಿಂತೆಗೆದುಕೊಂಡದ್ದರಲ್ಲಿ ಅವರ ವೈಯಕ್ತಿಕ ಪ್ರಾಮಾಣಿಕತೆಯನ್ನು ಸಂಶಯಿಸಲು ಕಾರಣವಿಲ್ಲ. ಆದರೆ ಇತಿಹಾಸಕಾರನ ಪ್ರಶ್ನೆ ಬೇರೆ. ಸಾಕ್ಷ್ಯ ಏಕೆ ದೊರೆಯಲಿಲ್ಲ? ಸಾಕ್ಷ್ಯವನ್ನು ನೀಡಬಲ್ಲವರು ಮಾತನಾಡಲಾರದಂಥ ಸನ್ನಿವೇಶವನ್ನು ನಿರ್ಮಿಸಿದವರು ಯಾರು? ಒಂದು ಕಡೆಯಿಂದ ಪ್ರಭುತ್ವದ ದಂಡಶಕ್ತಿ, ಇನ್ನೊಂದು ಕಡೆಯಿಂದ ಸಮಾಜದ ಮಾನಾಪಮಾನದ ಕಲ್ಪನೆ ಸೇರಿ ಆ ಮೌನವನ್ನು ಸೃಷ್ಟಿಸಿದವು. ಆ ಮೌನವೇ ಆಪಾದನೆ ಸುಳ್ಳೆಂಬುದಕ್ಕೆ ಪುರಾವೆಯಾಗಿ ಬಳಕೆಯಾಯಿತು.

1893 ಮತ್ತು 1897ರ ಎರಡು ಕ್ಷಮಾಪಣೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಅವು ಮೇಲುನೋಟಕ್ಕೆ ಪರಸ್ಪರ ವಿರುದ್ಧವಾದವು. ಮೊದಲನೆಯದರಲ್ಲಿ ಸೇನಾಪತಿ ಆಪಾದಿಸಿದವರಿಗೆ ತಲೆಬಾಗಿದನು. ಎರಡನೆಯದರಲ್ಲಿ ಆಪಾದಿಸಿದವರೇ ಸೇನೆಗೆ ತಲೆಬಾಗಿದರು. ಮೊದಲನೆಯದರಲ್ಲಿ ವಿಚಾರಣೆ ನಡೆದು, ಸ್ತ್ರೀಯರೊಡನೆ ನೇರವಾಗಿ ಮಾತನಾಡಿ ಬರೆದಿಟ್ಟ ದಾಖಲೆ ಎದುರಿಗಿತ್ತು, ಎರಡನೆಯದರಲ್ಲಿ ಅದಿರಲಿಲ್ಲ. ಈ ವ್ಯತ್ಯಾಸವೇ ಫಲಿತಾಂಶದ ವ್ಯತ್ಯಾಸವನ್ನು ಬಹುಪಾಲು ವಿವರಿಸುತ್ತದೆ. ಆದರೂ ಒಂದು ಅಂಶದಲ್ಲಿ ಎರಡೂ ಸಮಾನ. ಮಾನವಂತರು ಮಾನವಂತರಿಗೆ ಸಲ್ಲಿಸಿದ ಕ್ಷಮೆಗಳವು. ಚಕ್ಲಾದ ಸ್ತ್ರೀಗೆ, ಪ್ಲೇಗು ಆಸ್ಪತ್ರೆಗೆ ಒಯ್ಯಲ್ಪಟ್ಟ ಹುಡುಗಿಗೆ ಕ್ಷಮೆಯನ್ನು ಸ್ವೀಕರಿಸುವ ಅಥವಾ ನಿರಾಕರಿಸುವ ಸ್ಥಾನವೇ ಅವುಗಳಲ್ಲಿ ಇರಲಿಲ್ಲ.

6

ಈ ಸ್ಥಾನರಾಹಿತ್ಯ ವಸಾಹತು ಆಳ್ವಿಕೆಯ ಸೃಷ್ಟಿಯೆಂದು ಭಾವಿಸಬೇಕಾಗಿಲ್ಲ. ಕನ್ನಡ ಶಾಸನಗಳನ್ನು ಬಲ್ಲವರಿಗೆ ಅದರ ಹಳೆಯ ರೂಪಗಳು ಪರಿಚಿತ. ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಹೊಟ್ಟೂರಿನ ಶಾಸನ ಚಾಲುಕ್ಯ ಸತ್ಯಾಶ್ರಯನ ಕಾಲದ್ದು, ಸುಮಾರು 1007ರದು. ಚೋಳರ ದೊಡ್ಡ ಸೈನ್ಯ ನಾಡನ್ನು ಸೂರೆಗೊಂಡುದನ್ನೂ, ಸ್ತ್ರೀಯರನ್ನು, ಮಕ್ಕಳನ್ನು, ಬ್ರಾಹ್ಮಣರನ್ನು ಕೊಂದುದನ್ನೂ, ಹೆಣ್ಣುಮಕ್ಕಳನ್ನು ಸೆರೆಹಿಡಿದು ಜಾತಿಗೆಡಿಸಿದುದನ್ನೂ ಅದು ಹೇಳುತ್ತದೆ. ಶತ್ರುವಿನ ವರ್ಣನೆಯಲ್ಲಿ ಅತಿಶಯೋಕ್ತಿಗೆ ಅವಕಾಶವಿದ್ದೇ ಇದೆ. ಆದರೆ ಯುದ್ಧದಲ್ಲಿ ಸ್ತ್ರೀಯರ ಮೇಲಾಗುವ ದೌರ್ಜನ್ಯವನ್ನು ಅಪರಾಧವೆಂದು ಗುರುತಿಸಿ ಕಲ್ಲಿನಲ್ಲಿ ದಾಖಲಿಸಿದ ಪ್ರಜ್ಞೆ ಇಲ್ಲಿ ಸ್ಪಷ್ಟವಾಗಿದೆ. ಆ ಅಪರಾಧವನ್ನು ಅಳೆದ ಮಾನದಂಡ ಮಾತ್ರ ಜಾತಿಯ ನಾಶ, ನೋವನುಭವಿಸಿದವಳ ಪಾಡಲ್ಲ.

ವೀರಗಲ್ಲುಗಳ ಮಾತೂ ಇದೇ. ತುಱುಗೊಳ್, ಊರಳಿವುಗಳ ಜೊತೆಗೆ ಪೆಣ್ಬುಯ್ಯಲ್ ಎಂಬ ಪದವೂ ಅವುಗಳಲ್ಲಿ ಬರುತ್ತದೆ. ಹೆಣ್ಣು ಆಪತ್ತಿನಲ್ಲಿ ಸಿಲುಕಿ ಇಟ್ಟ ಮೊರೆ ಎಂಬುದು ಅದರ ಅರ್ಥ. ಆ ಮೊರೆಗೆ ಓಗೊಟ್ಟು ಹೋರಾಡಿ ಮಡಿದವನಿಗೆ ಕಲ್ಲು ನಿಂತಿದೆ, ಹೆಸರಿದೆ, ಸ್ವರ್ಗದ ಚಿತ್ರವಿದೆ. ಮೊರೆಯಿಟ್ಟವಳ ಮುಂದಿನ ಬದುಕನ್ನು ಹೇಳುವುದು ವೀರಗಲ್ಲಿನ ಉದ್ದೇಶವಲ್ಲ. ಈ ಹಿನ್ನೆಲೆಯಲ್ಲಿ 1897ರ ಮೌನ ಕೇವಲ ಪೊಲೀಸರ ಭಯದಿಂದ ಹುಟ್ಟಿದ್ದಲ್ಲವೆಂಬುದು ಮನವರಿಕೆಯಾಗುತ್ತದೆ.

7

ಇನ್ನು ಮೂಲ ಪ್ರಶ್ನೆಗೆ ಬರಬಹುದು. ರಾಷ್ಟ್ರಗಳ ಕ್ಷಮಾಯಾಚನೆಯನ್ನು ವಿರೋಧಿಸುವವರ ವಾದಗಳು ಮುಖ್ಯವಾಗಿ ಮೂರು. ತಪ್ಪು ಮಾಡಿದವರು ಸತ್ತುಹೋಗಿದ್ದಾರೆ. ಇಂದಿನ ಪ್ರಜೆಗಳು ಆ ಪಾಪಕ್ಕೆ ಹೊಣೆಯಲ್ಲ. ಎರಡನೆಯದಾಗಿ, ಕ್ಷಮೆ ಕೇವಲ ಮಾತು; ಅದರಿಂದ ನೊಂದವರಿಗೆ ಏನೂ ದೊರೆಯದು. ಮೂರನೆಯದಾಗಿ, ಯಾವ ರಾಷ್ಟ್ರವೂ ಶುದ್ಧವಲ್ಲದಿರುವಾಗ ಒಂದು ರಾಷ್ಟ್ರದಿಂದ ಮಾತ್ರ ಕ್ಷಮೆಯನ್ನು ನಿರೀಕ್ಷಿಸುವುದು ರಾಜಕೀಯ.

ಮೊದಲನೆಯ ವಾದಕ್ಕೆ ಮುಂಬಯಿಯ ಪ್ರಕರಣದಲ್ಲಿಯೇ ಉತ್ತರವಿದೆ. ವ್ಯಕ್ತಿಗಳು ಸಾಯುತ್ತಾರೆ, ಪ್ರಭುತ್ವ ಮುಂದುವರಿಯುತ್ತದೆ. 1897ರ ಕಾಯಿದೆ ಸ್ವತಂತ್ರ ಭಾರತದಲ್ಲಿಯೂ ಶಾಸನವಾಗಿ ಉಳಿಯಿತು. 2020ರಲ್ಲಿ ಕೊರೋನಾ ಪಿಡುಗು ಹರಡಿದಾಗ ಮಹಾರಾಷ್ಟ್ರ, ಕರ್ನಾಟಕಗಳೂ ಸೇರಿದಂತೆ ರಾಜ್ಯಗಳು ಅದನ್ನೇ ಆಶ್ರಯಿಸಿದವು. ಹಿಂದಿನವರ ಅಧಿಕಾರವನ್ನು, ಆ ಅಧಿಕಾರಕ್ಕಿದ್ದ ಕಾನೂನಿನ ರಕ್ಷಣೆಯನ್ನು ಆಸ್ತಿಯಂತೆ ಸ್ವೀಕರಿಸುವ ಪ್ರಭುತ್ವಗಳು ಅದರೊಡನೆ ಬಂದ ಋಣವನ್ನು ಮಾತ್ರ ನಿರಾಕರಿಸುವುದು ನ್ಯಾಯಸಮ್ಮತವಲ್ಲ. ಪ್ರಜೆಯ ವೈಯಕ್ತಿಕ ಪಾಪದ ಮಾತು ಇಲ್ಲಿ ಬರುವುದಿಲ್ಲ. ಸಂಸ್ಥೆಯ ಹೊಣೆಯ ಮಾತು ಬರುತ್ತದೆ.

ಎರಡನೆಯ ವಾದದಲ್ಲಿ ಹುರುಳಿದೆ. ಬರಿಯ ಮಾತಿನ ಕ್ಷಮೆ 1893ರದರಂತೆ ಬೇಗನೆ ಸವೆದುಹೋಗುತ್ತದೆ. ಆದರೆ ದಾಖಲೆಗಳು ತೆರೆದುಕೊಂಡು, ನೊಂದವರ ಸಾಕ್ಷ್ಯ ಸ್ವೀಕೃತವಾಗಿ, ಪರಿಹಾರವೂ ಕೂಡಿಬಂದಾಗ ಕ್ಷಮೆಗೆ ತೂಕ ಬರುತ್ತದೆ. ಕೋನೋ ಹೇಳಿಕೆಗೆ ಮುನ್ನ, 1992ರ ಜನವರಿಯಲ್ಲಿ, ಯೋಶಿಮಿ ಯೋಶಿಯಾಕಿ ಎಂಬ ಇತಿಹಾಸಕಾರರು ಜಪಾನಿನ ರಕ್ಷಣಾ ಇಲಾಖೆಯ ಗ್ರಂಥಭಂಡಾರದಲ್ಲಿ ಸೇನೆಯ ಪಾತ್ರವನ್ನು ತೋರಿಸುವ ದಾಖಲೆಗಳನ್ನು ಹೊರತೆಗೆದಿದ್ದರು. ಕೆನ್ಯಾದಲ್ಲಿ ಮಾವ್ ಮಾವ್ ದಂಗೆಯ ಕಾಲದ ಶಿಬಿರಗಳಲ್ಲಿ ನಡೆದ ಚಿತ್ರಹಿಂಸೆಗೆ 2013ರ ಜೂನ್‌ನಲ್ಲಿ ಬ್ರಿಟನ್ ವಿಷಾದ ಸೂಚಿಸಿ, 5,228 ಮಂದಿಗೆ ಒಟ್ಟು 199 ಲಕ್ಷ ಪೌಂಡುಗಳ ಪರಿಹಾರವನ್ನು ಒಪ್ಪಿಕೊಂಡಿತು. ನ್ಯಾಯಾಲಯಕ್ಕೆ ಹೋದ ವೃದ್ಧರಲ್ಲಿ ಲೈಂಗಿಕ ಹಿಂಸೆಗೆ ಗುರಿಯಾಗಿದ್ದ ಸ್ತ್ರೀಯೂ ಇದ್ದರು. ಆ ದಾವೆ ನಡೆಯುತ್ತಿದ್ದಾಗಲೇ, ಬಹುಕಾಲ ಗುಪ್ತವಾಗಿರಿಸಿದ್ದ ವಸಾಹತು ಕಡತಗಳು ಬೆಳಕಿಗೆ ಬಂದಿದ್ದವು. ಇದಕ್ಕೆ ಪ್ರತಿಯಾಗಿ 2015ರ ಡಿಸೆಂಬರ್ 28ರ ಜಪಾನ್-ಕೊರಿಯಾ ಒಪ್ಪಂದವನ್ನು ನೋಡಬಹುದು. ಪ್ರಧಾನಿಯ ಕ್ಷಮೆ, 100 ಕೋಟಿ ಯೆನ್‌ಗಳ ನಿಧಿ ಎರಡೂ ಅದರಲ್ಲಿದ್ದವು. ಆದರೆ ಬದುಕಿ ಉಳಿದಿದ್ದ ಸ್ತ್ರೀಯರನ್ನು ಸರಿಯಾಗಿ ಕೇಳದೆ ಎರಡು ಸರಕಾರಗಳು ತಮ್ಮೊಳಗೆ ಮಾಡಿಕೊಂಡ ಏರ್ಪಾಡೆಂಬ ಟೀಕೆಗೆ ಅದು ಗುರಿಯಾಯಿತು. ಆ ನಿಧಿಗಾಗಿ ಸ್ಥಾಪಿತವಾದ ಸಂಸ್ಥೆಯನ್ನು ಮುಚ್ಚುವುದಾಗಿ 2018ರಲ್ಲಿ ಕೊರಿಯಾ ಘೋಷಿಸಿತು. ಕ್ಷಮೆ ಮಾನವಂತರ ನಡುವಣ ವ್ಯವಹಾರವಾಗಿ ಉಳಿಯುವ ಹಳೆಯ ದೋಷ ಇಲ್ಲಿಯೂ ಮರುಕಳಿಸಿದೆ.

ಮೂರನೆಯ ವಾದವನ್ನು ನಿರಾಕರಿಸುವ ಬದಲು ನಮ್ಮ ಮೇಲೆಯೇ ಅನ್ವಯಿಸಿಕೊಳ್ಳುವುದು ಉಚಿತ. ಜಲಿಯನ್‌ವಾಲಾ ಬಾಗಿನ ಶತಮಾನದ ಸಂದರ್ಭದಲ್ಲಿ, 2019ರಲ್ಲಿ, ಬ್ರಿಟನ್ನಿನ ಪ್ರಧಾನಿ ವಿಷಾದದ ಮಾತನ್ನಾಡಿ ಕ್ಷಮೆಯ ಮಾತನ್ನು ಬಿಟ್ಟುದನ್ನು ನಾವು ಟೀಕಿಸಿದೆವು. ಆ ಟೀಕೆ ಯೋಗ್ಯವೇ. ಆದರೆ 1948ರ ಹೈದರಾಬಾದಿನ ಬಗ್ಗೆ ನಮ್ಮ ನಿಲುವೇನು? ರಜಾಕಾರರ ಹಾವಳಿಯಲ್ಲಿ ಸ್ತ್ರೀಯರು ಪಟ್ಟ ಬವಣೆಯನ್ನು ಕಲ್ಯಾಣ ಕರ್ನಾಟಕದ ಸ್ಮೃತಿ ಇಂದಿಗೂ ಉಳಿಸಿಕೊಂಡಿದೆ. ಸೆಪ್ಟೆಂಬರಿನ ಸೇನಾ ಕಾರ್ಯಾಚರಣೆಯ ಅನಂತರ ನಡೆದ ಪ್ರತೀಕಾರವನ್ನು ಕುರಿತು ಪಂಡಿತ ಸುಂದರಲಾಲ್ ಅವರ ನೇತೃತ್ವದ ತಂಡ ಸಲ್ಲಿಸಿದ ವರದಿ, ಸಾವಿನ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜು ಮಾಡಿತು. ಅತ್ಯಂತ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ ಮತ್ತು ಗುಲ್ಬರ್ಗಾ ಇದ್ದವು. ಅತ್ಯಾಚಾರಗಳನ್ನೂ, ಸ್ತ್ರೀಯರನ್ನು ಅಪಹರಿಸಿ, ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಸೊಲ್ಲಾಪುರದಂಥ ಊರುಗಳವರೆಗೆ ಒಯ್ದುದನ್ನೂ ಅದು ದಾಖಲಿಸಿದೆ. ಆ ವರದಿ ಆಗ ಪ್ರಕಟವಾಗಲಿಲ್ಲ. ದೆಹಲಿಯ ನೆಹರು ಸ್ಮಾರಕ ಗ್ರಂಥಾಲಯದಲ್ಲಿ ಅದು ಸಂಶೋಧಕರಿಗೆ ದೊರೆಯುವಂತಾದ ವಿಷಯ 2013ರ ಹೊತ್ತಿಗೆ ವ್ಯಾಪಕವಾಗಿ ತಿಳಿದುಬಂದಿತು. ರಜಾಕಾರರಿಂದ ನೊಂದ ಹಿಂದೂ ಸ್ತ್ರೀ, ಪ್ರತೀಕಾರದಲ್ಲಿ ನೊಂದ ಮುಸ್ಲಿಂ ಸ್ತ್ರೀ ಇಬ್ಬರೂ ಒಂದೇ ವರ್ಷದ, ಒಂದೇ ನಾಡಿನ ಹೆಣ್ಣುಗಳು. ಒಬ್ಬಳ ನೋವನ್ನು ಇನ್ನೊಬ್ಬಳ ನೋವಿಗೆ ಉತ್ತರವಾಗಿ ಬಳಸುವ ಇತಿಹಾಸಲೇಖನ ಇಬ್ಬರಿಗೂ ಅನ್ಯಾಯವೆಸಗುತ್ತದೆ.

8

ಆದುದರಿಂದ ರಾಷ್ಟ್ರಗಳು ಕ್ಷಮೆ ಯಾಚಿಸಬೇಕೇ ಎಂಬ ಪ್ರಶ್ನೆಗೆ ಪ್ರಸ್ತುತ ಲೇಖಕನ ಉತ್ತರ, ಯಾಚಿಸಬೇಕು ಎಂಬುದೇ. ಆದರೆ ಮುಂಬಯಿಯ ನಿದರ್ಶನ ಮೂರು ಷರತ್ತುಗಳನ್ನು ಸೂಚಿಸುತ್ತದೆ. ಕ್ಷಮೆಗೆ ಮುನ್ನ, ಆಪಾದಿತ ಸಂಸ್ಥೆಯ ಹಿಡಿತಕ್ಕೆ ಒಳಪಡದ ವಿಚಾರಣೆ ನಡೆದು ಕಡತಗಳು ತೆರೆಯಬೇಕು. ಸಾಕ್ಷ್ಯ ನುಡಿಯುವ ಸ್ತ್ರೀಗೆ ಪ್ರಭುತ್ವದಿಂದಲೂ ಸ್ವಸಮಾಜದಿಂದಲೂ ರಕ್ಷಣೆ ದೊರೆಯಬೇಕು. ಕ್ಷಮೆ ನೊಂದವಳನ್ನೇ ಉದ್ದೇಶಿಸಿರಬೇಕು. ಅದನ್ನು ಒಪ್ಪುವ ಇಲ್ಲವೆ ತಿರಸ್ಕರಿಸುವ ಹಕ್ಕು ಅವಳದಾಗಿರಬೇಕು. ನೊಂದವರು ಬದುಕಿಲ್ಲದಿರುವಲ್ಲಿ ಕೊನೆಯ ಷರತ್ತು ಪೂರ್ತಿಯಾಗಿ ಈಡೇರಲಾರದು. ಅಂಥಲ್ಲಿ ಮೊದಲನೆಯದರ ಹೊಣೆ ಇಮ್ಮಡಿಯಾಗುತ್ತದೆ.

ಈ ದೃಷ್ಟಿಯಿಂದ ಹೊರನಾಡಿನ ಕನ್ನಡ ಸಂಶೋಧಕರಿಗೆ ಒಂದು ವಿಶೇಷ ಅನುಕೂಲವಿದೆ. ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯ, ಚೆನ್ನೈಯ ತಮಿಳುನಾಡು ಪತ್ರಾಗಾರಗಳಲ್ಲಿ ಕನ್ನಡ ಜಿಲ್ಲೆಗಳಿಗೆ ಸಂಬಂಧಿಸಿದ ವಸಾಹತುಕಾಲದ ಸೇನೆ ಮತ್ತು ಆರೋಗ್ಯ ಇಲಾಖೆಗಳ ಕಡತಗಳಿವೆ. ಬೆಳಗಾವಿ, ಬಳ್ಳಾರಿ, ಬೆಂಗಳೂರು ದಂಡುಗಳ ಲಾಕ್ ಆಸ್ಪತ್ರೆಯ ವಾರ್ಷಿಕ ವರದಿಗಳನ್ನು, 1897-98ರ ಪ್ಲೇಗು ಕಡತಗಳನ್ನು ಸ್ತ್ರೀಯರ ದೃಷ್ಟಿಯಿಂದ ಓದುವ ಕೆಲಸವನ್ನು ಆಯಾ ನಗರಗಳಲ್ಲಿರುವ ಕನ್ನಡ ವಿದ್ವಾಂಸರು ಕೈಗೊಳ್ಳಬಹುದು. 1893ರಲ್ಲಿ ಸೇನಾಪತಿಯನ್ನು ಮಣಿಸಿದ್ದು ಇಬ್ಬರು ಮಹಿಳೆಯರು ಕೇಳಿ ಬರೆದುಕೊಂಡ ಮಾತುಗಳು. ಅಂಥ ದಾಖಲೆಗಳ ಸಂಗ್ರಹ ನಡೆಯದೆ ಯಾವ ರಾಷ್ಟ್ರದಿಂದಲೂ ಅರ್ಥಪೂರ್ಣವಾದ ಕ್ಷಮೆಯನ್ನು ನಿರೀಕ್ಷಿಸುವಂತಿಲ್ಲ.